ಚಿಂಕ್ವೆ ತೆರ್ರೆ: ರೈಲು, ಬಿಸಿಲು ಮತ್ತು ಕಲ್ಲುಗೋಡೆಗಳು

ಇಟಲಿಯ ಲಿಗೂರಿಯಾ ಕರಾವಳಿಯ ಚಿಂಕ್ವೆ ತೆರ್ರೆಗೆ ಹೊರಡುವ ಕಾಸರಗೋಡಿನ ಗೆಳೆಯರಿಗೆ ನಾನು ಮೊದಲು ಹೇಳುವುದು ಅಲ್ಲಿನ ರೈಲಿನ ವಿಷಯ. ಲಾ ಸ್ಪೇತ್ಸಿಯಾ ಮತ್ತು ಲೇವಾಂತೊ ನಡುವೆ ಓಡುವ ಈ ರೈಲು ರಿಯೊಮಜ್ಜೋರೆ, ಮನರೋಲಾ, ಕೊರ್ನಿಲ್ಯಾ, ವೆರ್ನಾತ್ಸಾ, ಮೊಂತೆರೊಸ್ಸೊ ಎಂಬ ಐದೂ ಊರುಗಳಲ್ಲಿ ನಿಲ್ಲುತ್ತದೆ. ಊರಿಂದೂರಿಗೆ ಕೆಲವೇ ನಿಮಿಷಗಳ ದಾರಿ. ಅದರಲ್ಲಿ ಬಹುಪಾಲು ಸುರಂಗದೊಳಗೇ ಸಾಗುವುದರಿಂದ ಆಗೊಮ್ಮೆ ಈಗೊಮ್ಮೆ ಕಡಲು ಮಿಂಚಿ ಮರೆಯಾಗುತ್ತದೆ. ಒಂದೇ ದಿನದಲ್ಲಿ ಹಲವು ಊರು ನೋಡುವವರು ರೈಲು ಪ್ರಯಾಣವೂ ಕಾಲುದಾರಿಯ ಶುಲ್ಕವೂ ಸೇರಿರುವ ಕಾರ್ಡ್ ಕೊಳ್ಳುವುದು ಒಳ್ಳೆಯದು. ಅದು ಕಾಗದದ ಕಾರ್ಡಾದರೆ ಮೊದಲ ಸಲ ಹತ್ತುವ ಮುನ್ನ ನಿಲ್ದಾಣದ ಯಂತ್ರದಲ್ಲಿ ಮುದ್ರೆ ಹಾಕಿಸಿಕೊಳ್ಳಲೇಬೇಕು, ತಪ್ಪಿದರೆ ದಂಡ ತೆರಬೇಕಾದೀತು.

ನಮ್ಮಲ್ಲಿ ಆಟಿಯ ಮಳೆ ಎಡೆಬಿಡದೆ ಸುರಿಯುವ ಹೊತ್ತಿಗೆ ಅಲ್ಲಿ ಒಣ ಬಿಸಿಲು. ಜೋರು ಮಳೆ ಬರುವುದು ಹೆಚ್ಚಾಗಿ ಅಕ್ಟೋಬರ್, ನವೆಂಬರ್ ಸುಮಾರಿಗೆ. ಆದರೂ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಪ್ಲಾಟ್‌ಫಾರಂನಲ್ಲಿ ಕಾಲಿಡಲು ಜಾಗವಿರುವುದಿಲ್ಲವಾದ್ದರಿಂದ ಮೇ ತಿಂಗಳನ್ನೋ ಸೆಪ್ಟೆಂಬರಿನ ಮೊದಲ ವಾರಗಳನ್ನೋ ಆರಿಸಿಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ನನ್ನನ್ನು ಕಡಲಿಗಿಂತಲೂ ಹೆಚ್ಚು ಹಿಡಿದು ನಿಲ್ಲಿಸಿದ್ದು ಗುಡ್ಡದ ಕೃಷಿ. ಕಡಿದಾದ ಇಳಿಜಾರಿನಲ್ಲಿ ಗಾರೆಯಿಲ್ಲದೆ, ದೊಡ್ಡ ಕಲ್ಲುಗಳ ಸಂದಿಗೆ ಸಣ್ಣ ಚೂರುಗಳನ್ನು ತುರುಕಿ ಗೋಡೆ ಎಬ್ಬಿಸಿ, ಅದರ ಹಿಂದೆ ಮಣ್ಣು ತುಂಬಿ, ಆ ಸಣ್ಣ ತಟ್ಟುಗಳಲ್ಲಿ ದ್ರಾಕ್ಷಿ ಬೆಳೆಯುತ್ತಾರೆ. ಪೆರ್ಲ, ಬದಿಯಡ್ಕದ ಕಡೆ ಗುಡ್ಡ ಅಗೆದು ಅಡಿಕೆ ತೋಟ ಮಾಡಿದ ಮನೆಗಳವರಿಗೆ ಈ ದುಡಿಮೆಯ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. 1997ರಲ್ಲಿ ಯುನೆಸ್ಕೊ ಈ ಪ್ರದೇಶವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಮನುಷ್ಯ ಮತ್ತು ನಿಸರ್ಗ ಸೇರಿ ರೂಪಿಸಿದ ಈ ನೆಲಕ್ಕಾಗಿಯೇ. ಆರೈಕೆ ತಪ್ಪಿದರೆ ಗೋಡೆ ಕುಸಿಯುತ್ತದೆ, ಮಣ್ಣು ಜಾರುತ್ತದೆ. 2011ರ ಅಕ್ಟೋಬರ್ 25ರ ಮಹಾಮಳೆಗೆ ವೆರ್ನಾತ್ಸಾ ಮತ್ತು ಮೊಂತೆರೊಸ್ಸೊ ಕೆಸರಿನಲ್ಲಿ ಹೂತುಹೋಗಿದ್ದವು. ಆದ್ದರಿಂದ ಫೋಟೊಕ್ಕಾಗಿ ದಯವಿಟ್ಟು ಯಾರೂ ಆ ಗೋಡೆಗಳ ಮೇಲೆ ಹತ್ತಬಾರದು.

ಕಲ್ಲು ಉರುಳಿ 2012ರಲ್ಲಿ ಮುಚ್ಚಿದ್ದ, ರಿಯೊಮಜ್ಜೋರೆಯಿಂದ ಮನರೋಲಾಕ್ಕೆ ಹೋಗುವ ಕಾಲುದಾರಿ 2024ರಲ್ಲಿ ಮತ್ತೆ ತೆರೆದಿದೆ. ಅದಕ್ಕೆ ಮುಂಗಡವಾಗಿ ಸಮಯ ಕಾದಿರಿಸಬೇಕು. ಊಟಕ್ಕೆ ಸಸ್ಯಾಹಾರಿಗಳು ಪರದಾಡಬೇಕಿಲ್ಲ: ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ ಕಲಸಿ ಒಲೆಯಲ್ಲಿ ಬೇಯಿಸುವ ಫರಿನಾತಾದ ಅಂಚು ಗರಿಗರಿ, ನಡು ಮೆದು, ಬಿಸಿಯಿದ್ದಾಗಲೇ ತಿನ್ನಬೇಕು.

ಕೊರ್ನಿಲ್ಯಾದ ನಿಲ್ದಾಣದಿಂದ ಊರಿಗೆ 300ಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ವಯಸ್ಸಾದವರನ್ನು ಕರೆದೊಯ್ಯುವವರು ಮೊಂತೆರೊಸ್ಸೊದಲ್ಲಿ ಕೋಣೆ ಹಿಡಿಯುವುದು ಲೇಸು. ಐದು ಊರುಗಳಲ್ಲಿ ಏರುತಗ್ಗು ಕಡಿಮೆಯಿರುವುದೂ ಉದ್ದನೆಯ ಕಡಲತೀರ ಇರುವುದೂ ಅಲ್ಲಿಯೇ.