ಸೆಕೆಂಡ್ ಹ್ಯಾಂಡ್ ಎರ್ಟಿಗಾ ನಮ್ಮ ಸೀಮೆಗೆ ಹೇಗೆ?

2018ರ ಕೊನೆಗೆ ಬಂದ ಎರಡನೇ ತಲೆಮಾರಿನ ಪೆಟ್ರೋಲ್ ಎರ್ಟಿಗಾ (ಮಾರುತಿಯ ಏಳು ಸೀಟಿನ ಕಾರು) ಬಗ್ಗೆ ಈ ಮಾತು. ಹುಬ್ಬಳ್ಳಿ-ಧಾರವಾಡದ ತುಂಬಿದ ಮನೆಗೆ ಒಳ್ಳೆಯ ಗಾಡಿ. ಆದರೆ ಏಳು ಜನರ ಜೊತೆ ಏಳು ಬ್ಯಾಗೂ ಬೇಕೆಂದರೆ ಆಗುವುದಿಲ್ಲ: ಮೂರನೇ ಸಾಲು ಎತ್ತಿದರೆ ಡಿಕ್ಕಿ 209 ಲೀಟರ್ ಅಷ್ಟೇ, ಮಡಚಿದರೆ 550. ಬ್ಯಾಡಗಿ ಮೆಣಸಿನಕಾಯಿ ಚೀಲ ಹೇರುವವರು ತಾಡಪತ್ರಿ ಹಾಸಲೇಬೇಕು, ಘಾಟು ಸೀಟಿಗೆ ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ.

ಎಂಜಿನ್ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ಆಡಿಸಲು ರಬ್ಬರ್ ಬೆಲ್ಟ್ ಬದಲು ಟೈಮಿಂಗ್ ಚೈನ್ ಇದೆ, ಬೆಲ್ಟ್ ಬದಲಿಸುವ ಖರ್ಚಿಲ್ಲ. ಆಯಿಲ್ 10,000 ಕಿ.ಮೀ. ಅಥವಾ ವರ್ಷಕ್ಕೊಮ್ಮೆ. ಗದಗ ಕಡೆಯ ಧೂಳಿನಲ್ಲಿ ಹೆಚ್ಚು ಓಡುವ ಗಾಡಿಯ ಏರ್ ಫಿಲ್ಟರ್ ಮಾತ್ರ 5,000ಕ್ಕೇ ತೆಗೆದು ನೋಡಿ.

ಏಸಿ ಗಾಳಿ ಕಡಿಮೆಯಾದ ಕೂಡಲೇ ಗ್ಯಾಸ್ ತುಂಬಿಸಲು ಓಡುವುದು ದುಡ್ಡು ದಂಡ. ಮೊದಲು ಗ್ಲೋವ್ ಬಾಕ್ಸ್ ಖಾಲಿ ಮಾಡಿ, ಎರಡೂ ಬದಿ ಒಳಕ್ಕೆ ಒತ್ತಿ ಇಳಿಸಿ, ಹಿಂದಿರುವ, ಒಳಬರುವ ಗಾಳಿ ಸೋಸುವ ಕ್ಯಾಬಿನ್ ಫಿಲ್ಟರ್ ಎಳೆಯಿರಿ. ಕಪ್ಪಾಗಿದ್ದರೆ ಹೊಸದು ಹಾಕಿ, ಬಾಣದ ಗುರುತು ಮೊದಲಿದ್ದ ದಿಕ್ಕಿಗೇ ಇರಲಿ. ಗಾಳಿ ಜೋರಾಗಿದ್ದೂ ತಂಪಿಲ್ಲವೇ? ಗಾಡಿಯ ಮುಂಭಾಗದಲ್ಲಿರುವ, ಏಸಿಯ ಬಿಸಿ ಹೊರಹಾಕುವ ಕಂಡೆನ್ಸರ್‌ಗೆ ಧೂಳು ಮೆತ್ತಿರಬಹುದು. ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಪ್ರೆಶರ್ ಗನ್ ಹೊಡೆದರೆ ಅದರ ಫಿನ್ (ತೆಳು ಲೋಹದ ಪಟ್ಟಿಗಳು) ಮಡಚುತ್ತವೆ.

ಹಿಂದಿನ ಗಾಲಿಗಳಿಗೆ ಡ್ರಮ್ ಬ್ರೇಕ್. ಮಳೆಗಾಲದಲ್ಲಿ ಎರೆಹೊಲದ ದಾರಿ ತುಳಿದಿದ್ದರೆ ಕೆಸರು ಒಣಗಿ ಕಿರ್ರೆನ್ನುತ್ತದೆ. ಡ್ರಮ್ ಬಿಚ್ಚಿಸಿ ಶುಚಿ ಮಾಡಿಸಿ, ಒಳಗೆ ಉಜ್ಜಿ ಗಾಡಿ ನಿಲ್ಲಿಸುವ ಲೈನರ್ ದಪ್ಪ ನೋಡಿಸಿ.

ಕೊಳ್ಳುವಾಗ ಹಂಪ್ ಮೇಲೆ ನಿಧಾನ ಹತ್ತಿಸಿ. ಮುಂದೆ ಟಕ್ ಟಕ್ ಬಂದರೆ ಮೊದಲ ಅನುಮಾನ ಸ್ಟೆಬಿಲೈಜರ್ ಲಿಂಕ್ (ಗಾಡಿ ಪಕ್ಕಕ್ಕೆ ವಾಲದಂತೆ ತಡೆಯುವ ಸರಳನ್ನು ಸಸ್ಪೆನ್ಷನ್‌ಗೆ ಜೋಡಿಸುವ ಕೊಂಡಿ) ಮೇಲೆ, ಸೋವಿ ಕೆಲಸ. ಅದು ಬದಲಿಸಿದರೂ ಸದ್ದು ನಿಲ್ಲದಿದ್ದರೆ ಲೋವರ್ ಆರ್ಮ್ ಬುಷ್ (ಗಾಲಿ ಹಿಡಿದ ಕೆಳತೋಳಿನ ರಬ್ಬರ್), ಸ್ಟ್ರಟ್ ಮೌಂಟ್ (ಶಾಕ್ ಅಬ್ಸಾರ್ಬರ್ ಮೇಲ್ತುದಿಯ ರಬ್ಬರ್ ಹಿಡಿ) ನೋಡಿಸಿ, ಆ ಖರ್ಚು ಹಿಡಿದೇ ರೇಟು ಮಾತಾಡಿ.