ಡಾಟ್ ಕಾಮ್, ಡಾಟ್ ಇನ್, ಡಾಟ್ ಎಕ್ಸ್‌ವೈಜೆಡ್, ಡಾಟ್ ಭಾರತ: ಬಳಸಿ ನೋಡಿದ ಮೇಲೆ

ಡೊಮೇನ್ ಅಂದರೆ ವೆಬ್‌ಸೈಟಿನ ವಿಳಾಸ ತಗೊಳ್ಳುವಾಗ ಎಲ್ಲರೂ ಹೆಸರಿನ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ, ಬಾಲದ ಬಗ್ಗೆ ಯಾರೂ ಯೋಚಿಸುವುದಿಲ್ಲ. ಬಾಲ ಅಂದರೆ ಕೊನೆಗೆ ಬರುವ ಡಾಟ್ ಕಾಮ್, ಡಾಟ್ ಇನ್ ಅಂಥವು. ಶಿರಸಿಯಲ್ಲಿ ನಮ್ಮ ಅಕ್ಕ ಮನೆಯೂಟದ ವ್ಯಾಪಾರ ನಡೆಸುತ್ತಾಳೆ. ಅದಕ್ಕೆ ಅಂತ ನಾಲ್ಕು ಬಾಲಗಳನ್ನು ತಗೊಂಡು ಬಳಸಿ ನೋಡಿದೆ. ನಾಲ್ಕೂ ಹೋಗಿ ಸೇರುತ್ತಿದ್ದದ್ದು ಒಂದೇ ಪುಟಕ್ಕೆ.

ಹೊಸಬರಿಗೆ ಮೊದಲು ಒಂದೆರಡು ಮಾತು. ಕಂಪ್ಯೂಟರಿಗೆ ಹೆಸರು ಬೇಡ, ಐಪಿ ಅನ್ನುವ ನಂಬರ್ ಸಾಕು. ಹೆಸರು ಬೇಕಾಗಿರುವುದು ನಮಗೆ. ಹೆಸರನ್ನು ನಂಬರಿಗೆ ಜೋಡಿಸುವ ವ್ಯವಸ್ಥೆಯೇ ಡಿಎನ್‌ಎಸ್, 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ರೂಪಿಸಿದ್ದು. ಅದಕ್ಕೂ ಮುಂಚೆ ಎಲ್ಲ ಹೆಸರುಗಳೂ ಒಂದೇ ಫೈಲ್‌ನಲ್ಲಿ ಇರುತ್ತಿದ್ದವು, ಎಲ್ಲರೂ ಅದನ್ನೇ ಕಾಪಿ ಮಾಡಿಕೊಳ್ಳಬೇಕಿತ್ತು. ಡಿಎನ್‌ಎಸ್ ನಿಮ್ಮ ವಿಳಾಸವನ್ನು ಬಲದಿಂದ ಎಡಕ್ಕೆ ಓದುತ್ತದೆ: ಮೊದಲು ಎಲ್ಲ ಬಾಲಗಳ ಲೆಕ್ಕ ಇಟ್ಟಿರುವ ರೂಟ್ ಸರ್ವರ್ ಹತ್ತಿರ 'ಇನ್' ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳುತ್ತದೆ, ಆಮೇಲೆ ಅವರ ಹತ್ತಿರ ಈ ಹೆಸರಿನ ಲೆಕ್ಕ ಯಾವ ಸರ್ವರ್‌ನಲ್ಲಿದೆ ಅಂತ, ಕೊನೆಗೆ ಆ ಸರ್ವರ್ ಹತ್ತಿರ ನಂಬರ್ ಏನು ಅಂತ. ಹಾಗಾಗಿ ಬಾಲ ಬದಲಾದರೆ ವಿಳಾಸವೇ ಬೇರೆ. ನೀವು ಡಾಟ್ ಇನ್ ತಗೊಂಡಿದ್ದೀರಿ ಅಂತ ಅದೇ ಹೆಸರಿನ ಡಾಟ್ ಕಾಮ್ ನಿಮ್ಮದಾಗುವುದಿಲ್ಲ. ಇನ್ನೊಂದು, ಇದು ಖರೀದಿ ಅಲ್ಲ, ಬಾಡಿಗೆ ಮನೆ ಇದ್ದ ಹಾಗೆ. ವರ್ಷಾ ವರ್ಷಾ ಕಟ್ಟುತ್ತಿರಬೇಕು, ಒಂದೇ ಸಲ ಕಟ್ಟುತ್ತೇನೆ ಅಂದರೂ ಹತ್ತು ವರ್ಷಕ್ಕಿಂತ ಜಾಸ್ತಿ ಕೊಡುವುದಿಲ್ಲ.

ಡಾಟ್ ಕಾಮ್‌ನ ದೊಡ್ಡ ತೊಂದರೆ ಬೆಲೆ ಅಲ್ಲ, ಹೆಸರು ಸಿಗದೇ ಇರುವುದು. ಮೊದಲ ಡಾಟ್ ಕಾಮ್ ನೋಂದಣಿ ಆಗಿದ್ದು 1985ರ ಮಾರ್ಚ್ 15ಕ್ಕೆ, ಸಿಂಬಾಲಿಕ್ಸ್ ಅನ್ನುವ ಅಮೆರಿಕದ ಕಂಪನಿಯ ಹೆಸರಿನಲ್ಲಿ. ಅಲ್ಲಿಂದ ಇಲ್ಲಿವರೆಗೆ ಜನ ಬಾಚಿಕೊಂಡು ಉಳಿದದ್ದರಲ್ಲಿ ನಾವು ಹುಡುಕಬೇಕು. ಅಕ್ಕನಿಗೆ ಬೇಕಾದ ಹೆಸರನ್ನು ಯಾರೋ ತಗೊಂಡು ಸುಮ್ನೆ ಇಟ್ಟುಕೊಂಡಿದ್ದರು, 'ಮಾರಾಟಕ್ಕಿದೆ' ಅಂತ ಬೋರ್ಡ್ ಬೇರೆ. ಅವರು ಕೇಳುವ ದುಡ್ಡಿಗೆ ಹೊಸ ಗ್ರೈಂಡರ್ ಬರುತ್ತದೆ. ಕೊನೆಗೆ ಹೆಸರಿನ ಹಿಂದೆ ಊರಿನ ಹೆಸರು ಸೇರಿಸಿ ತಗೊಂಡೆವು, ಉದ್ದ ಆಯಿತು. ಆದರೂ ಒಂದು ಲಾಭ ಇದೆ. ಅಮೆರಿಕದಲ್ಲಿರುವ ನೆಂಟರು, ಅವರ ಸ್ನೇಹಿತರು, ಯಾವ ಹೆಸರು ಹೇಳಿದರೂ ಅವರ ಕೈ ತಾನಾಗಿಯೇ ಕಾಮ್ ಅಂತ ಒತ್ತುತ್ತದೆ.

ಡಾಟ್ ಇನ್ ನಮ್ಮ ದೇಶದ ಬಾಲ. ಎರಡೇ ಅಕ್ಷರದ ಬಾಲಗಳೆಲ್ಲ ದೇಶ ಅಥವಾ ಪ್ರದೇಶಗಳವು, ಎಐ ಕಂಪನಿಗಳೆಲ್ಲ ಮುಗಿಬಿದ್ದು ತಗೊಳ್ಳುವ ಡಾಟ್ ಎಐ ಕೂಡ ಅಂಗ್ವಿಲಾ ಅನ್ನುವ ಪುಟ್ಟ ದ್ವೀಪದ್ದು. ಡಾಟ್ ಇನ್ ಎಲ್ಲರಿಗೂ ಸುಲಭವಾಗಿ ಸಿಗಲು ಶುರುವಾಗಿದ್ದು 2005ರಿಂದ, ನಿಕ್ಸಿ ಅನ್ನುವ ಸಂಸ್ಥೆಯ ಕೈಗೆ ಬಂದ ಮೇಲೆ. ಬೇಕಾದ ಹೆಸರು ಊರಿನ ಬಾಲಂಗೋಚಿ ಇಲ್ಲದೆ ಸಿಕ್ಕಿತು, ಕಾಮ್‌ಗಿಂತ ಅಗ್ಗವಾಗಿಯೂ ಸಿಕ್ಕಿತು. ರಿಸರ್ವ್ ಬ್ಯಾಂಕ್ ನಮ್ಮ ಬ್ಯಾಂಕುಗಳಿಗೆಲ್ಲ 2025ರ ಅಕ್ಟೋಬರ್ 31ರೊಳಗೆ ಬ್ಯಾಂಕ್ ಡಾಟ್ ಇನ್‌ಗೆ ಬದಲಾಗಿ ಅಂದಿತ್ತು, ಹಾಗಾಗಿ ಈ ಬಾಲ ಜನರ ಕಣ್ಣಿಗೆ ಇನ್ನೂ ಪಳಗುತ್ತಿದೆ. ಕೋ ಡಾಟ್ ಇನ್ ಕೂಡ ಇದೆ, ನನಗೆ ಬೇಡ. ಫೋನಿನಲ್ಲಿ ಹೇಳುವಾಗ ಆ 'ಕೋ' ಬಿಟ್ಟೇ ಹೋಗುತ್ತದೆ.

ಡಾಟ್ ಎಕ್ಸ್‌ವೈಜೆಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೊದಲ ವರ್ಷ ಒಂದು ಮಸಾಲೆ ದೋಸೆ, ಕಾಫಿಯ ದುಡ್ಡಿಗೆ ಕೊಟ್ಟರು, ಮರುವರ್ಷದ ಬಿಲ್ ನೋಡಿದರೆ ಡಾಟ್ ಇನ್‌ಗಿಂತ ಜಾಸ್ತಿ. ಡೊಮೇನ್ ಮಾರುವವರ ಪುಟದಲ್ಲಿ ದಪ್ಪಕ್ಷರದಲ್ಲಿ ಇರುವುದು ಮೊದಲ ವರ್ಷದ ರೇಟು. ನೀವು ಹೋಲಿಸಬೇಕಾದ್ದು ಪಕ್ಕದಲ್ಲಿ ಸಣ್ಣಕ್ಷರದಲ್ಲಿರುವ ನವೀಕರಣದ ರೇಟನ್ನು, ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಸೇರಿಸಿ. ಗೂಗಲ್‌ನ ಮಾತೃಸಂಸ್ಥೆ ಆಲ್ಫಬೆಟ್ ಕೂಡ ಇದೇ ಬಾಲ ಇಟ್ಟುಕೊಂಡಿದೆ ನಿಜ, ಅವರಿಗೆ ನಡೆಯುತ್ತದೆ. ಅಕ್ಕ ಲಿಂಕ್ ಕಳಿಸಿದರೆ ಗಿರಾಕಿಯೊಬ್ಬರು ವಾಪಸ್ ಫೋನ್ ಮಾಡಿ, "ಅಕ್ಕಾ, ನಿಮ್ಮ ವಾಟ್ಸಾಪ್ ಯಾರಾದ್ರೂ ಹ್ಯಾಕ್ ಮಾಡಿದ್ದಾರಾ?" ಅಂತ ಕೇಳಿದರು.

ಈಗ ನನಗೆ ಇಷ್ಟವಾದ ಡಾಟ್ ಭಾರತ. ಹೆಸರೂ ಕನ್ನಡದಲ್ಲಿ, ಬಾಲವೂ ಕನ್ನಡದಲ್ಲಿ. ಅಕ್ಕನ ವ್ಯಾಪಾರದ ಹೆಸರಿನಲ್ಲಿ 'ಊಟ' ಇದೆ. ಇಂಗ್ಲಿಷ್ ಅಕ್ಷರದಲ್ಲಿ ಅದನ್ನು ಹೇಗೆ ಬರೆಯುತ್ತೀರಿ? ಎರಡು ಓ ಹಾಕುತ್ತೀರೋ, ಒಂದು ಯು ಸಾಕೋ, ಕೊನೆಗೆ ಎ ಒಂದೋ ಎರಡೋ? ಫೋನಿನಲ್ಲಿ ಅಕ್ಕ ದಿನಾ ಈ ಪುರಾಣ ಹೇಳಬೇಕು. ಕನ್ನಡದಲ್ಲಿ ಈ ಗೋಳೇ ಇಲ್ಲ, ಕೇಳಿದ ಹಾಗೆ ಬರೆದರೆ ಆಯಿತು. ಬೋರ್ಡಿನ ಮೇಲೂ ಚೆನ್ನಾಗಿ ಕಾಣುತ್ತದೆ.

ಆದರೆ ಒಳಗೆ ಡಿಎನ್‌ಎಸ್‌ನಲ್ಲಿ ಈ ಹೆಸರು ಕನ್ನಡದಲ್ಲಿ ಓಡಾಡುವುದಿಲ್ಲ. ಪ್ಯೂನಿಕೋಡ್ ಅನ್ನುವ ವಿಧಾನದಿಂದ ಅದನ್ನು ಇಂಗ್ಲಿಷ್ ಅಕ್ಷರ, ಅಂಕಿಗಳಿಗೆ ಬದಲಾಯಿಸುತ್ತಾರೆ. ನಮ್ಮ 'ಭಾರತ' ಅಲ್ಲಿ 'ಎಕ್ಸ್ ಎನ್ ಹೈಫನ್ ಹೈಫನ್ 2 ಎಸ್ ಸಿ ಆರ್ ಜೆ 9 ಸಿ' ಆಗುತ್ತದೆ. ಕ್ರೋಮ್‌ನ ಅಡ್ರೆಸ್ ಬಾರ್‌ನಿಂದ ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿದರೆ ಈ ಅವತಾರವೇ ಬಂದು ಕೂರುತ್ತದೆ. ಹಪ್ಪಳ ಕೇಳಿದವರಿಗೆ ಇದನ್ನು ಕಳಿಸುವುದು ಹೇಗೆ, ಹೇಳಿ. ಇದೇ ವಿಳಾಸದ ಇಮೇಲ್ ಮಾಡಿಕೊಂಡರೆ ಎಷ್ಟೋ ವೆಬ್‌ಸೈಟಿನ ಫಾರಂಗಳು 'ಸರಿಯಾದ ಇಮೇಲ್ ಹಾಕಿ' ಅಂತ ತಳ್ಳಿಬಿಡುತ್ತವೆ. ಅದೂ ಅಲ್ಲದೆ, ಕನ್ನಡ ಮಾತಾಡುವ ಎಷ್ಟೋ ಜನರ ಫೋನಿನಲ್ಲಿ ಕನ್ನಡ ಕೀಬೋರ್ಡೇ ಇರುವುದಿಲ್ಲ, ಚಾಟ್ ಎಲ್ಲ ಇಂಗ್ಲಿಷ್ ಅಕ್ಷರದಲ್ಲೇ ನಡೆಯುತ್ತದೆ, ಅಲ್ವಾ?

ಹಾಗಾಗಿ ಸದ್ಯಕ್ಕೆ ಹೀಗೆ ಮಾಡಿದ್ದೇವೆ. ಬಿಲ್ಲು, ವಾಟ್ಸಾಪ್, ಇಮೇಲ್ ಎಲ್ಲದಕ್ಕೂ ಡಾಟ್ ಇನ್. ಮನೆ ಮುಂದಿನ ಬೋರ್ಡಿಗೆ, ಹಪ್ಪಳದ ಪ್ಯಾಕೆಟ್ಟಿಗೆ ಡಾಟ್ ಭಾರತ, ಅದನ್ನು ಹಾಕಿದರೆ ಡಾಟ್ ಇನ್‌ಗೇ ಹೋಗಿ ತೆರೆದುಕೊಳ್ಳುತ್ತದೆ. ಡಾಟ್ ಕಾಮ್ ಹೊರದೇಶದವರಿಗಾಗಿ ಇರಲಿ ಅಂತ ಇಟ್ಟುಕೊಂಡಿದ್ದೇವೆ. ಎಕ್ಸ್‌ವೈಜೆಡ್ ಬಿಟ್ಟೆವು. ಇಷ್ಟೂ ಅಕ್ಕನ ಹೆಸರು, ಅಕ್ಕನ ಇಮೇಲ್‌ನಲ್ಲೇ ಇವೆ, ವೆಬ್‌ಸೈಟ್ ಮಾಡಿಕೊಟ್ಟ ಹುಡುಗನ ಇಮೇಲ್‌ನಲ್ಲಿ ಅಲ್ಲ. ಅವನು ಕೆಲಸ ಬದಲಾಯಿಸಿ ಬೆಂಗಳೂರಿಗೆ ಹೋದರೆ ನವೀಕರಣದ ನೋಟಿಸು ಯಾರಿಗೆ ಬರಬೇಕು?