ಇಎಲ್‌ಎಂ327 ಅಡಾಪ್ಟರ್: ಸೆನ್ಸರ್ ಬದಲಿಸುವ ಮುನ್ನ ಇದನ್ನು ಚುಚ್ಚಿ ನೋಡಿ

ಚೆಕ್ ಎಂಜಿನ್ ಲೈಟ್ ಹತ್ತಿದ ಕೂಡಲೇ ‘ಸೆನ್ಸರ್ ಹೋಗೇತ್ರಿ’ ಎಂದು ಹೊಸದು ಹಾಕಿಸುವ ಗ್ಯಾರೇಜುಗಳು ಬೆಳಗಾವಿಯಲ್ಲೂ ಇವೆ, ವಿಜಯಪುರದಲ್ಲೂ ಇವೆ. ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಮತ್ತು ಸೆನ್ಸರ್ ರೀಡಿಂಗ್‌ಗಳನ್ನು ಫೋನಿನಲ್ಲಿ ತೋರಿಸುವ, ಸಾವಿರ ರೂಪಾಯಿಯೊಳಗೆ ಸಿಗುವ ಈ ಬ್ಲೂಟೂತ್ ಅಡಾಪ್ಟರ್ ಆ ಖರ್ಚನ್ನು ಬಹಳ ಸಲ ತಪ್ಪಿಸುತ್ತದೆ. ಸ್ಟೀರಿಂಗ್ ಕೆಳಗಿನ 16 ಪಿನ್ ಸಾಕೆಟ್ಟಿಗೆ ಚುಚ್ಚಿ, ಕೀ ಆನ್ ಮಾಡಿ, 1234 ಅಥವಾ 0000 ಕೊಟ್ಟು ಫೋನಿಗೆ ಜೋಡಿಸಿ. ಟಾರ್ಕ್, ಕಾರ್ ಸ್ಕ್ಯಾನರ್ ಎರಡೂ ಆ್ಯಪ್ ನಡೆಯುತ್ತವೆ. ಐಫೋನ್ ಇದ್ದವರು ಬ್ಲೂಟೂತ್ ಎಲ್‌ಇ ಇಲ್ಲವೇ ವೈಫೈ ಮಾದರಿಯನ್ನೇ ಕೊಳ್ಳಬೇಕು.

ಇದರ ನಿಜವಾದ ಬೆಲೆ ಇರುವುದು ಕೋಡಿನಲ್ಲಲ್ಲ, ಲೈವ್ ಡೇಟಾದಲ್ಲಿ, ಅಂದರೆ ಸೆನ್ಸರ್‌ಗಳು ಆ ಕ್ಷಣ ಕೊಡುವ ರೀಡಿಂಗ್‌ಗಳಲ್ಲಿ. ಕೂಲಂಟ್ (ಎಂಜಿನ್ ತಂಪಿಡುವ ದ್ರವ) ಸೆನ್ಸರ್ ಸರ್ಕ್ಯೂಟಿನ ಪಿ0118 ಕೋಡ್ ಬಂತು ಎನ್ನಿ. ಕೂಲಂಟ್ ಉಷ್ಣತೆ ಮೈನಸ್ 40 ತೋರಿಸುತ್ತಿದ್ದರೆ ಸರ್ಕ್ಯೂಟ್ ಎಲ್ಲೋ ಕಡಿದಿದೆ ಎಂದರ್ಥ, ಅಷ್ಟೆ. ಎರಡು ವೈರಿನ ಸೆನ್ಸರ್ ಆಗಿದ್ದರೆ ಕಪ್ಲರ್ (ವೈರಿನ ತುದಿಯ ಪ್ಲಗ್) ಬಿಚ್ಚಿ, ಆ ಕಪ್ಲರ್‌ನ ಎರಡು ಪಿನ್‌ಗಳನ್ನು ಚಿಕ್ಕ ತಂತಿಯಿಂದ ಕೂಡಿಸಿ. ಫೋನಿನಲ್ಲಿ ಉಷ್ಣತೆ ಒಮ್ಮೆಲೇ 130ರ ಮೇಲೆ ಜಿಗಿದರೆ ವೈರಿಂಗ್ ಚೆನ್ನಾಗಿದೆ, ಸೆನ್ಸರ್ ಬದಲಿಸಿ. ಜಿಗಿಯದಿದ್ದರೆ ಹೊಸ ಸೆನ್ಸರ್ ಹಾಕಿದರೂ ಲೈಟ್ ಆರದು. ಕಬ್ಬಿನ ಗದ್ದೆಯ ಮಗ್ಗುಲಲ್ಲಿ ನಿಲ್ಲುವ ಕಾರಾದರೆ ಇಲಿ ಕಡಿದ ವೈರ್ ಹುಡುಕಿ. ಬೆಳಗಾವಿ ಮಳೆಗೆ ಕಪ್ಲರ್ ಒಳಗೆ ಹಸಿರು ಕಿಲುಬು ಕಟ್ಟಿರುವುದೂ ಉಂಟು.

ಎಂಜಿನ್ ಒಳಗೆಳೆಯುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ವಿಷಯದಲ್ಲಿ ನಮ್ಮ ಊರಿನ ಎತ್ತರವನ್ನು ಮರೆಯಬಾರದು. ಕೀ ಆನ್, ಎಂಜಿನ್ ಆಫ್ ಇದ್ದಾಗ ಅದು ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಸಮುದ್ರಮಟ್ಟದಲ್ಲಿ ಅದು 101 ಕಿಲೋಪಾಸ್ಕಲ್. ಬೆಳಗಾವಿ ಸುಮಾರು 750 ಮೀಟರ್ ಎತ್ತರದಲ್ಲಿದೆ, ಹಾಗಾಗಿ ಇಲ್ಲಿ 92–93 ಬಂದರೆ ಸರಿ. ವಿಜಯಪುರದಲ್ಲಿ 94ರ ಆಸುಪಾಸು. ಪುಸ್ತಕದ 101 ನೋಡಿ ‘ಕಡಿಮೆ ತೋರಿಸ್ತದ’ ಎಂದು ಒಳ್ಳೆಯ ಸೆನ್ಸರ್ ಬಿಸಾಡಬೇಡಿ. ಬಿಸಿಯಾದ ಪೆಟ್ರೋಲ್ ಎಂಜಿನ್ ಐಡ್ಲಿಂಗ್‌ನಲ್ಲಿ ಇದು 30–40ಕ್ಕೆ ಇಳಿಯುತ್ತದೆ. 55ರಲ್ಲೇ ನಿಂತರೆ ಮೊದಲು ವ್ಯಾಕ್ಯೂಮ್ ಹೋಸ್ ಸೀಳಿದೆಯೇ ನೋಡಿ. ಡೀಸೆಲ್‌ನಲ್ಲಿ ಇಷ್ಟು ಇಳಿಕೆ ಇರುವುದಿಲ್ಲ.

ಸ್ಟಾರ್ಟೇ ಆಗದ ಗಾಡಿಗೆ ಸೆಲ್ಫ್ ಹೊಡೆಯುತ್ತ ಆರ್‌ಪಿಎಂ ನೋಡಿ. ಎಂಜಿನ್ ತಿರುಗುತ್ತಿದ್ದರೂ ಸೊನ್ನೆಯೇ ಇದ್ದರೆ ಎಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್ ಅಥವಾ ಅದರ ವೈರ್ ಮೇಲೆ ಅನುಮಾನ.

ಈಗ ಕೊರತೆಗಳು. ಮಾರುಕಟ್ಟೆಯಲ್ಲಿರುವುದು ಬಹುಪಾಲು ನಕಲಿ ಚಿಪ್. ಅಡಾಪ್ಟರ್ ಮೇಲೆ ಬರೆದ 1.5, 2.1 ಆವೃತ್ತಿಗಳನ್ನು ನಂಬುವಂತಿಲ್ಲ, ಹಳೆಯ ಕಾರುಗಳ ಕೆಲವು ಪ್ರೋಟೋಕಾಲ್ (ಕಾರಿನ ಕಂಪ್ಯೂಟರ್ ಮಾತಾಡುವ ರೀತಿ) ಇವಕ್ಕೆ ಸಿಗುವುದೇ ಇಲ್ಲ. ವಾಪಸ್ ಮಾಡಲು ಅವಕಾಶವಿರುವಲ್ಲೇ ಕೊಳ್ಳಿ. ಏಕಕಾಲಕ್ಕೆ ಎಂಟು–ಹತ್ತು ರೀಡಿಂಗ್‌ಗಳನ್ನು ತೆರೆದರೆ ತೆವಳುತ್ತದೆ, ಎರಡು–ಮೂರಕ್ಕೆ ನಿಲ್ಲಿಸಿ. ಎಬಿಎಸ್, ಏರ್‌ಬ್ಯಾಗ್ ಲೈಟಿಗೆ ಇದನ್ನು ನೆಚ್ಚಬೇಡಿ, ಅದಕ್ಕೆ ದೊಡ್ಡ ಸ್ಕ್ಯಾನರ್ ಇರುವ ಗ್ಯಾರೇಜೇ ಬೇಕು.

ಕೋಡ್ ಅಳಿಸುವ ಮುನ್ನ ಫ್ರೀಜ್ ಫ್ರೇಮ್‌ನ (ಕೋಡ್ ಬಂದ ಕ್ಷಣದ ರೀಡಿಂಗ್‌ಗಳ) ಸ್ಕ್ರೀನ್‌ಶಾಟ್ ತೆಗೆದಿಡಿ, ಅಳಿಸಿದರೆ ಅದೂ ಹೋಗುತ್ತದೆ. ಸಾಕೆಟ್ಟಿನ 16ನೇ ಪಿನ್‌ಗೆ ಬ್ಯಾಟರಿ ಕರೆಂಟು ಸದಾ ಇರುವುದರಿಂದ ಕೆಲಸವಾದ ಮೇಲೆ ಅಡಾಪ್ಟರನ್ನು ಕಿತ್ತಿಡಿ. ಐದಕ್ಕೆ ನಾಲ್ಕು ಸ್ಟಾರ್.